ಮೊದಲ ಹಾರೆ ಮತ್ತು ನನ್ನ ಎಡ ಹಿಮ್ಮಡಿ

ನಮ್ಮ ಅರಸೀಕೆರೆ ಕಡೆ ಉಂಡೆಕೊಬ್ಬರಿ ಮಾಡುವವರು ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಿಟಗಿಟ ಅನ್ನುವಾಗ ನಮಗೆ ಹೇಳಿ ಕಳಿಸುತ್ತಾರೆ. ನಾವು ಕಾಯಿ ಸುಲಿಯುವವರು. ಅಂಗಳದಲ್ಲಿ ಸಾಲಾಗಿ ಚೂಪು ಹಾರೆಗಳನ್ನು ನೆಟ್ಟು, ಒಬ್ಬೊಬ್ಬರು ಒಂದೊಂದು ಹಾರೆಯ ಮುಂದೆ ನಿಲ್ಲುತ್ತೇವೆ. ಅಟ್ಟಕ್ಕೆ ಹತ್ತಿರದ್ದು ಮೊದಲ ಹಾರೆ. ಅದು ಮೇಸ್ತ್ರಿಯದು. ಅವನು ಮೊದಲ ಕಾಯಿ ಸುಲಿಯದೆ ಬೇರೆಯವರು ಕಾಯಿಗೆ ಕೈ ಹಾಕುವಂತಿಲ್ಲ. ಅವನು ಕೂರುವವರೆಗೆ ಯಾರೂ ಕೂರುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ನಮ್ಮ ಗುಂಪಿನಲ್ಲಿ ಇದನ್ನು ಮೀರಿದವರನ್ನೂ ನಾನು ನೋಡಿಲ್ಲ.

ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಈ ಮೊದಲ ಹಾರೆಯೇ ಸರ್ಟಿಫಿಕೇಟು. ಹಾರನಹಳ್ಳಿಯ ತೋಟದ ಯಜಮಾನರು ಕಾಯಿ ಇಳಿಸುವ ಮುಂಚೆ ಫೋನು ಮಾಡುತ್ತಿದ್ದುದು ನನಗೆ. ಅವರ ಮನೆಯ ಹೆಂಗಸರು "ಮೇಸ್ತ್ರಿಗೆ ಮೊದಲು ಕೊಡ್ರೇ" ಎಂದು ಕಾಫಿ ಕಳಿಸುತ್ತಿದ್ದುದೂ ನನಗೆ. ಆ ವರ್ಷ ಅವರ ಅಟ್ಟ ತುಂಬಿತ್ತು. ಅಲ್ಲಿನ ಕೆಲಸಕ್ಕೆ ಇನ್ನೂ ಕೆಲವು ವಾರ ಇರುವಾಗ, ಬೇರೆ ತೋಟಗಳಲ್ಲಿ ಸುಲಿಯುತ್ತಿದ್ದಾಗಲೇ ನನ್ನ ಎಡ ಹಿಮ್ಮಡಿ ಕೈಕೊಟ್ಟಿತು.

ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಊರಿದರೆ ಮೊಳೆ ತುಳಿದ ಹಾಗೆ. ಹತ್ತು ಹೆಜ್ಜೆ ಕುಂಟಿದರೆ ಸಡಿಲವಾಗಿ, ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏನೂ ಆಗಿಲ್ಲವೇನೋ ಅನ್ನಿಸುತ್ತಿತ್ತು. ಮಧ್ಯಾಹ್ನದವರೆಗೆ ಹಾರೆಯ ಮುಂದೆ ನಿಂತು, ಊಟಕ್ಕೆ ಕೂತು ಏಳುವಾಗ ಮತ್ತೆ ಅದೇ ಮೊಳೆ. ಕಾಯಿ ಸುಲಿಯುವುದು ತೋಳಿನ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ಕಾಯನ್ನು ಮೊನೆಗೆ ಹೊಡೆದು ತಿರುಚುವಾಗ ಮೈಯ ಭಾರವೆಲ್ಲ ಮುಂದಿನ ಕಾಲಿಗೆ ಇಳಿಯುತ್ತದೆ. ನನಗೆ ಅದು ಎಡಗಾಲು. ಕೆಳಗೆ ಸಿಮೆಂಟು. ನಾವು ಬರಿಗಾಲಲ್ಲಿ ನಿಲ್ಲುವವರು, ಬೆರಳು ನೆಲ ಕಚ್ಚದಿದ್ದರೆ ಪಟ್ಟು ಸಿಗುವುದಿಲ್ಲ ಎನ್ನುವುದು ನಾನು ಕಲಿತ ಪಾಠ.

ಆ ಪಾಠವನ್ನು ನಾನೇ ಹೇಳಿಕೊಟ್ಟರೂ ಕೇಳದವನು ನನ್ನ ಬಾಮೈದ, ನನ್ನ ಹೆಂಡತಿಯ ತಮ್ಮ, ಹಗರೆಯವನು. ಮೊದಲು ಬಿಕ್ಕೋಡಿನ ಕಾಫಿ ತೋಟದಲ್ಲಿ ಕಳೆ ಹೊಡೆಯುವ ಮಿಷನ್ನು ಹಿಡಿಯುತ್ತಿದ್ದ. ಅಲ್ಲಿ ಬಿಟ್ಟು ನಮ್ಮ ಗುಂಪಿಗೆ ಬಂದಾಗ ಕಾಲಿಗೆ ದಪ್ಪ ಅಟ್ಟೆಯ ಶೂ ಹಾಕಿಕೊಂಡು ಹಾರೆಯ ಮುಂದೆ ನಿಂತ. ಎಲ್ಲರೂ ನಕ್ಕರು.

"ಏನ್ಲಾ, ಕಾಯಿ ಸುಲಿಯಕ್ಕೆ ಬಂದಿಯೋ, ಹೆಣ್ಣು ನೋಡಕ್ಕೆ ಬಂದಿಯೋ?" ಎಂದೆ ನಾನು.

"ಎರಡಕ್ಕೂ ಕಾಲು ನೆಟ್ಟಗಿರಬೇಕಲ್ಲ ಬಾವ" ಎಂದ.

ಎಲ್ಲರೂ ಮತ್ತೆ ನಕ್ಕರು, ಈ ಸಲ ನನ್ನ ಮಾತಿಗಲ್ಲ. ಆ ನಗುವೇ ಮೊದಲು ನನಗೆ ಚುಚ್ಚಿದ್ದು. ಮುಂದಿನ ಸೀಸನ್ನಿಗೆ ಅವನು ಎರಡನೇ ಹಾರೆಗೆ ಬಂದಿದ್ದ. ಎತ್ತರದ ಆಳು. ಅವನ ಕೈಯಲ್ಲಿ ಕಾಯಿಯ ನಾರಿನ ಮಟ್ಟೆ ಕಿತ್ತು ಬರುವ ರೀತಿಯೇ ಬೇರೆ, ಬಾಳೆಹಣ್ಣಿನ ಸಿಪ್ಪೆ ತೆಗೆದಂತೆ ಸದ್ದಿಲ್ಲದೆ ಬರುತ್ತಿತ್ತು. ನನ್ನ ರಾಶಿಗೂ ಅವನ ರಾಶಿಗೂ ಎತ್ತರದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಾಣಬಾರದೆಂದು ನಾನು ಸಂಜೆ ಎಷ್ಟು ತಿಣುಕುತ್ತಿದ್ದೆ ಎಂಬುದು ನನಗೆ ಮಾತ್ರ ಗೊತ್ತು.

ಹಿಮ್ಮಡಿ ನೋವನ್ನು ಗುಂಪಿನಲ್ಲಿ ಯಾರಿಗೂ ಹೇಳಲಿಲ್ಲ. ಮೆಡಿಕಲ್ ಶಾಪಿನವನು ಕೊಟ್ಟ ನೋವಿನ ಮಾತ್ರೆ ನುಂಗಿದೆ. ನುಂಗಿದ ಹೊತ್ತು ಹಾಯೆನಿಸಿ, ಆಮೇಲೆ ಹೊಟ್ಟೆ ಉರಿಯತೊಡಗಿತು. ಹೆಂಡತಿಯ ಕಣ್ಣು ಮಾತ್ರ ತಪ್ಪಿಸಲಾಗಲಿಲ್ಲ. "ಅಮ್ಮ ಎಕ್ಕದ ಎಲೆ ಶಾಖ ಕೊಡ್ತಾಳೆ, ನಡೀರಿ" ಎಂದು ಹಗರೆಗೆ ಕರೆದುಕೊಂಡು ಹೋದಳು.

ಅತ್ತೆ ಇಟ್ಟಿಗೆಯನ್ನು ಒಲೆಯಲ್ಲಿ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ, "ಊರಿ, ತೆಗೀರಿ, ಊರಿ, ತೆಗೀರಿ" ಎಂದು ತೋರಿಸಿದರು. ಬಿಸಿ ಹಿತವಾಗಿತ್ತು. ಅಷ್ಟರಲ್ಲಿ ಬಾಮೈದ ಡೈರಿಗೆ ಹಾಲು ಹಾಕಿ ಬಂದವನು ಬಾಗಿಲಲ್ಲಿ ನಿಂತು ನೋಡಿದ.

"ಬಾವ, ಕಾವು ಜಾಸ್ತಿ ಐತೆ. ತೆಗೀರಿ ಕಾಲು."

ಬೇರೆ ಯಾರು ಹೇಳಿದ್ದರೂ ತೆಗೆಯುತ್ತಿದ್ದೆ. ಹೇಳಿದವನು ಅವನು.

"ನಿನ್ನ ಶೂ ಕಾಲಲ್ಲ ಕಣೋ ಇದು. ಸಿಮೆಂಟಿನ ಮೇಲೆ ಬೆಂದಿರೋ ಕಾಲು" ಎಂದು ಇನ್ನೂ ಒತ್ತಿ ಊರಿದೆ.

"ಎಲೆ ಸೀದು ಹೋಯ್ತಾ ಐತೆ ಬಾವ!"

"ಸೀಯಲಿ ಬಿಡು."

ಎಲೆಯ ಜೊತೆಗೆ ಹಿಮ್ಮಡಿಯೂ ಸೀದಿತು. ಸಂಜೆಗೆ ನೀರುಗುಳ್ಳೆ ಎದ್ದಿತು. ಅತ್ತೆ ಎಣ್ಣೆ ಸವರುತ್ತಾ, "ನಮ್ಮ ಹುಡುಗ ಹೇಳಿದ ತಕ್ಷಣ ಕೇಳಬಾರದಾಗಿತ್ತಾ? ಅವನಿಗೆ ಎಲ್ಲಾ ಗೊತ್ತಾಗುತ್ತೆ" ಎಂದರು. ಗುಳ್ಳೆಗಿಂತ ಆ ಮಾತು ಹೆಚ್ಚು ಉರಿಯಿತು. ಬಸ್ಸಿನಲ್ಲಿ ಬರುವಾಗ ಹೆಂಡತಿ ಅದನ್ನೇ ಇನ್ನೊಂದು ಸಲ ಹೇಳಿದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಕೊನೆಗೆ ಅರಸೀಕೆರೆಯ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರನ್ನು ನೋಡಲು ಸರದಿಯಲ್ಲಿ ಕೂತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರ ಕಾಲಿನ ಹೆಬ್ಬೆರಳ ಗೆಣ್ಣು ಕೆಂಪಗೆ ಊದಿ ಮಿರಿಮಿರಿ ಮಿಂಚುತ್ತಿತ್ತು. ಯೂರಿಕ್ ಆಸಿಡ್ಡಂತೆ, ಹೊದಿಕೆ ತಾಗಿದರೂ ಕಿರುಚಿಕೊಳ್ಳುವಷ್ಟು ನೋವಂತೆ. ಆಚೆ ಕೂತಿದ್ದ ಹೆಂಗಸಿಗೆ ಹಿಮ್ಮಡಿಯ ಹಿಂದಿನ ನರ ಹಿಡಿದಿತ್ತು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಕಾಲು ನೋವು ಅಂದರೆ ಒಂದೇ ನೋವು ಎಂದುಕೊಂಡಿದ್ದೆ. ಆ ಬೆಂಚಿನ ಮೇಲೆ ಕೂತವರದು ಒಬ್ಬೊಬ್ಬರದು ಒಂದೊಂದು.

ಡಾಕ್ಟರಮ್ಮ ಮೊದಲು ನೋಡಿದ್ದು ಸುಟ್ಟ ಗುಳ್ಳೆಯನ್ನು.

"ಇದೇನಿದು?"

"ಎಕ್ಕದ ಎಲೆ ಶಾಖ, ಮೇಡಂ."

"ಸಕ್ಕರೆ ಕಾಯಿಲೆ ಇದೆಯಾ?"

"ಇಲ್ಲ."

"ಟೆಸ್ಟ್ ಮಾಡಿಸಿ ಹೇಳ್ತಿದ್ದೀರೋ, ಸುಮ್ಮನೆ ಹೇಳ್ತಿದ್ದೀರೋ?"

ಟೆಸ್ಟ್ ಮಾಡಿಸಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದು ಕಾಲಿನ ಸ್ಪರ್ಶ ಕಡಿಮೆಯಾದವರು ಹೀಗೆ ಸುಟ್ಟುಕೊಂಡರೆ ಗಾಯ ಮಾಯುವುದೇ ಕಷ್ಟ, ಕಾಲಿಗೇ ಸಂಚಕಾರ ಎಂದು ಬೈದು ರಕ್ತ ಪರೀಕ್ಷೆಗೆ ಬರೆದರು. ಆಮೇಲೆ ಹಿಮ್ಮಡಿಯ ಒಳಬದಿಗೆ ಹೆಬ್ಬೆರಳು ಒತ್ತಿದರು. ಪ್ರಾಣ ಬಾಯಿಗೆ ಬಂತು. "ಬೆಳಿಗ್ಗೆ ಮೊದಲ ಹೆಜ್ಜೆಗೆ ಜಾಸ್ತಿ, ನಡೆದರೆ ಕಡಿಮೆ, ತುಂಬಾ ಹೊತ್ತು ನಿಂತರೆ ಮತ್ತೆ ಜಾಸ್ತಿ. ಹೌದಾ?" ಎಂದು ನನ್ನ ಕಥೆಯನ್ನು ಅವರೇ ಹೇಳಿದರು.

ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆಗೆ ಸಣ್ಣದೊಂದು ಮುಳ್ಳು ಕಾಣಿಸಿತು.

"ಅದನ್ನೇ ತೆಗೆದುಬಿಡಿ ಮೇಡಂ" ಎಂದೆ.

"ಅದು ನೋವಿಲ್ಲದವರ ಕಾಲಲ್ಲೂ ಇರುತ್ತೆ. ತಕರಾರು ಮುಳ್ಳಿನದಲ್ಲ." ಅಂಗಾಲಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ತೋರಿಸಿದರು. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಒಂದು ಗಟ್ಟಿ ಪಟ್ಟಿ ಇದೆ, ಬಿಲ್ಲಿಗೆ ಹೆದೆ ಇದ್ದಂತೆ. ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ದಿನವಿಡೀ ಭಾರ ಹಾಕಿ, ಮೀನಖಂಡವೂ ಬಿಗಿದುಕೊಂಡರೆ ಆ ಹೆದೆ ಹಿಮ್ಮಡಿಯ ಹತ್ತಿರ ಜಗ್ಗಿ ಜಗ್ಗಿ ನೋಯುತ್ತದೆ.

ಹೇಳಿದ ಔಷಧಿ ಕೇಳಿ ನನಗೆ ನಿರಾಶೆಯಾಯಿತು. ಹಾಸಿಗೆಯಿಂದ ಇಳಿಯುವ ಮುಂಚೆ ಟವೆಲನ್ನು ಅಂಗಾಲಿಗೆ ಸುತ್ತಿ ಬೆರಳುಗಳನ್ನು ನಮ್ಮ ಕಡೆ ಎಳೆದುಕೊಳ್ಳಬೇಕು. ಗೋಡೆಗೆ ಕೈ ಊರಿ, ನೋಯುವ ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡ ಎಳೆಯಬೇಕು. ತಣ್ಣನೆ ನೀರಿನ ಬಾಟಲಿ ಅಂಗಾಲ ಕೆಳಗೆ ಉರುಳಿಸಬೇಕು. ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಬೇಕು, ಕೆಲಸದಲ್ಲಿ ದಪ್ಪ ಅಟ್ಟೆಯ ಶೂ, ಒಳಗೆ ಹಿಮ್ಮಡಿಗೆ ಮೆತ್ತೆ. ಮಾತ್ರೆ ಕೆಲವೇ ದಿನ, ಅದೂ ಊಟದ ಮೇಲೆ. ನಡುನಡುವೆ ಕೂತು ಕಾಲಿಗೆ ಬಿಡುವು ಕೊಡಬೇಕು.

ಶೂ ಎನ್ನುವ ಪದ ಕಿವಿಗೆ ಬಿದ್ದದ್ದೇ ನನ್ನ ಮುಖ ಗಂಟಾಗಿರಬೇಕು.

"ಇಂಜಕ್ಷನ್ ಕೊಟ್ಟುಬಿಡಿ ಮೇಡಂ. ಹಾರನಹಳ್ಳಿ ಕೆಲಸ ಹತ್ತಿರ ಬಂತು."

"ಕೊಡಬಹುದು, ಇದರಲ್ಲಿ ಇಳಿಯದಿದ್ದರೆ. ಆದರೆ ಕೊಟ್ಟ ಮೇಲೆ ಕಾಲಿಗೆ ವಿಶ್ರಾಂತಿ ಬೇಕು. ನೀವು ಮಾರನೇ ದಿನವೇ ಹೋಗಿ ನಿಲ್ಲೋರು ಅಂತ ಮುಖದ ಮೇಲೆ ಬರೆದಿದೆ. ಆ ಪಟ್ಟಿ ಹರಿದುಹೋಗೋ ಸಾಧ್ಯತೆಯೂ ಇರುತ್ತೆ. ಆಪರೇಷನ್ ಅಂತೂ ಎಲ್ಲೋ ಒಬ್ಬರಿಗೆ, ಕಟ್ಟಕಡೆಗೆ. ಇದು ವಾರಗಟ್ಟಲೆ ಹಿಡಿಯೋ ನೋವು, ತಾಳ್ಮೆ ಬೇಕು."

ತಾಳ್ಮೆ ನನಗೂ ಇತ್ತು. ಆದರೆ ಎರಡನೇ ಹಾರೆಯಲ್ಲಿ ಒಬ್ಬನು ದಿನದಿನಕ್ಕೂ ಬೆಳೆಯುತ್ತಿದ್ದನಲ್ಲ. ಗುಳ್ಳೆ ಒಣಗಿತು, ಸಕ್ಕರೆ ಇಲ್ಲವೆಂದೂ ಗೊತ್ತಾಯಿತು. ಬಾಗಿಲು ಹಾಕಿಕೊಂಡು ಟವೆಲ್ ಎಳೆದೆ, ಬಾಟಲಿ ಉರುಳಿಸಿದೆ. ಹೆಂಡತಿ ಅರಸೀಕೆರೆ ಪೇಟೆಯಿಂದ ಶೂ ತಂದಳು. ಡಬ್ಬ ತೆಗೆದು ನೋಡಿದರೆ ಅವಳ ತಮ್ಮನ ಶೂಗಳ ಅಣ್ಣನಂತಿದ್ದವು, ಅದೇ ಅಟ್ಟೆ, ಅದೇ ಬಣ್ಣ.

"ಬೇರೆ ಸಿಗಲಿಲ್ವಾ?"

"ಅವನನ್ನೇ ಕೇಳಿ ತಂದೆ. ಅದು ಒಳ್ಳೇದಂತೆ."

ಡಬ್ಬವನ್ನು ಮಂಚದ ಕೆಳಗೆ ತಳ್ಳಿದೆ.

ಹಾರನಹಳ್ಳಿಯಲ್ಲಿ ಕೆಲಸ ಶುರುವಾದ ದಿನ ಬರಿಗಾಲಲ್ಲೇ ಮೊದಲ ಹಾರೆಯ ಮುಂದೆ ನಿಂತೆ. ಅಟ್ಟದಿಂದ ಕಾಯಿ ಉರುಳಿ ಬರುತ್ತಿತ್ತು, ಧೂಳು ಗಂಟಲಿಗೆ ಇಳಿಯುತ್ತಿತ್ತು. ನಾನು ಸುಲಿದೆ, ಉಳಿದವರೂ ಹಿಡಿದರು. ಯಜಮಾನರು ಜಗುಲಿಯ ಮೇಲೆ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರ ನೋಟ ನನ್ನನ್ನು ದಾಟಿ ಆಚೆ ನಿಂತಿತು.

"ಪರವಾಗಿಲ್ವೇ ಮೇಸ್ತ್ರಿ, ನಿಮ್ಮ ಬಾಮೈದನ ಕೈ ಚೆನ್ನಾಗಿ ಪಳಗಿದೆ. ಮುಂದೆ ನಿಮಗೇನೂ ಯೋಚನೆ ಇಲ್ಲ ಬಿಡಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನನಗೆ ಕೇಳಿಸಿದ್ದು ಮಾತ್ರ "ಮುಂದೆ" ಎನ್ನುವ ಒಂದೇ ಮಾತು. ಆ ದಿನ ಅವನನ್ನು ಎಲ್ಲರ ಎದುರಿಗೆ ಸೋಲಿಸಬೇಕು ಎಂದು ತೀರ್ಮಾನಿಸಿದೆ. ಅದಕ್ಕೆ ದಾರಿಯೂ ನನ್ನ ಕೈಯಲ್ಲಿತ್ತು. ನಾನು ಕೂರದಿದ್ದರೆ ಯಾರೂ ಕೂರುವಂತಿಲ್ಲ.

ಟೀ ಬಂತು. ನಾನು ನಿಲ್ಲಿಸಲಿಲ್ಲ.

"ಮೇಸ್ತ್ರಿ, ಟೀ ಆರೋಗ್ತೈತೆ" ಎಂದ ಕೊನೆಯ ಹಾರೆಯವನು.

"ಆರಲಿ. ಬಿಸಿ ಕುಡಿದು ನಾಲಿಗೆ ಸುಟ್ಕೊಬ್ಯಾಡ."

"ಮೇಸ್ತ್ರಿ, ಒಂದ್ಸಲ ಮೂತ್ರಕ್ಕಾದ್ರೂ..."

"ಕಟ್ಕೊಂಡಿರು."

ಬಾಮೈದನ ಮಟ್ಟೆ ಬೀಳುವ ಸದ್ದು ನನ್ನ ಬೆನ್ನ ಹಿಂದೆ ಒಂದೇ ಸಮ ಬರುತ್ತಿತ್ತು. ನನ್ನ ಹಿಮ್ಮಡಿಯಲ್ಲಿ ಬೆಂಕಿ ಬಿದ್ದಿತ್ತು. ಭಾರ ತಪ್ಪಿಸಲು ಹಿಮ್ಮಡಿ ಎತ್ತಿ ಮುಂಗಾಲಲ್ಲಿ ನಿಂತೆ. ಅದೂ ಸೋತಾಗ ಪಾದದ ಹೊರ ಅಂಚಿಗೆ ವಾಲಿದೆ. ಸುಲಿದ ಮಟ್ಟೆ ಕಾಲಡಿಗೆ ಬರದಂತೆ ಆಗಾಗ ಒದ್ದು ಸರಿಸುವುದು ನಮ್ಮ ಅಭ್ಯಾಸ. ಆ ಓಟದಲ್ಲಿ ಅದನ್ನೂ ಬಿಟ್ಟಿದ್ದೆ. ಒಂದು ಕಾಯಿ ಜೋರಾಗಿ ತಿರುಚುವಾಗ ಕಾಲಡಿಯ ಮಟ್ಟೆ ಉರುಳಿತು. ಪಾದ ಒಳಗೆ ಮಡಚಿಕೊಂಡಿತು. ಲಟಕ್ ಅಂದದ್ದು ನನಗೇ ಕೇಳಿಸಿತು. ಹಾರೆಯ ಮೊನೆಯ ಮೇಲೆ ಬೀಳದಿದ್ದುದು ಪುಣ್ಯ, ಪಕ್ಕಕ್ಕೆ ಬಿದ್ದೆ.

ಕಣ್ಣೆದುರೇ ಎಡಗಾಲಿನ ಹರಡು, ಪಾದದ ಮೇಲಿನ ಗಂಟು, ನಿಂಬೆಹಣ್ಣಿನಂತೆ ಊದಿತು. "ಉಳುಕೈತೆ, ಹಿಡ್ಕೊಳ್ರೋ, ಒಂದೇ ಏಟಿಗೆ ಎಳೆದು ಕೂರಿಸ್ತೀನಿ" ಎಂದು ಮೂರನೇ ಹಾರೆಯವನು ನನ್ನ ಹೆಬ್ಬೆರಳು ಹಿಡಿದ. ಬಾಮೈದ ಅವನ ಕೈ ಕಿತ್ತು ಹಾಕಿದ.

"ಎಳೀಬೇಡ್ರೀ! ಒಳಗೆ ಮೂಳೆ ಮುರಿದಿದ್ರೆ ಏನ್ ಮಾಡ್ತೀರಾ? ಎಸ್ಟೇಟಲ್ಲಿ ಒಬ್ಬಮ್ಮನಿಗೆ ಹಿಂಗೇ ಎಳೆದು ಮೂರು ತಿಂಗಳು ಮಲಗಿಸಿದ್ರು."

ಯಜಮಾನರ ಮನೆಯ ಫ್ರಿಜ್ಜಿನಿಂದ ಮಂಜುಗಡ್ಡೆ ತರಿಸಿ, ಬಟ್ಟೆಯಲ್ಲಿ ಸುತ್ತಿ, ಊದಿದ ಕಡೆ ಸ್ವಲ್ಪ ಹೊತ್ತು ಇಟ್ಟ. ಕೊಬ್ಬರಿ ಚೀಲದ ಮೇಲೆ ನನ್ನ ಕಾಲು ಎತ್ತಿ ಇಟ್ಟ. ಆಮೇಲೆ ಹೊತ್ತುಕೊಂಡು ಟೆಂಪೋ ಹತ್ತಿಸಿದ. ಅವನ ಬೆನ್ನ ಮೇಲೆ ಕೂತು, ಅವನ ಹೆಜ್ಜೆ ಒಂದಿಷ್ಟೂ ತಡವರಿಸದಿರುವುದನ್ನು ಗಮನಿಸುತ್ತಾ ಹೋದೆ. ಆ ನೋವಿನಲ್ಲೂ ಹೊಟ್ಟೆಯುರಿಗೆ ಜಾಗವಿತ್ತು.

ಡಾಕ್ಟರಮ್ಮ ಹರಡಿನ ಎರಡೂ ಕಡೆ ಮೂಳೆಯ ತುದಿಗಳನ್ನು ಒತ್ತಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಮೂಳೆ ಮುರಿದಿರಲಿಲ್ಲ, ಹೊರಬದಿಯ ಕಟ್ಟುನಾರು ಜಗ್ಗಿತ್ತು. ಪಟ್ಟಿ ಸುತ್ತಿ, ಮೊದಲ ಕೆಲವು ದಿನ ಭಾರ ಹಾಕದೆ ಕಾಲು ಎತ್ತರದಲ್ಲಿಡಲು, ಊತ ಇಳಿದಂತೆ ನಿಧಾನಕ್ಕೆ ಅಲ್ಲಾಡಿಸಲು ಹೇಳಿದರು.

"ಹೇಗೆ ಅಲ್ಲಾಡಿಸೋದು?"

"ಕಾಲು ಚಾಚಿ, ಹೆಬ್ಬೆರಳಲ್ಲಿ ಗಾಳಿಯ ಮೇಲೆ ಅ ಆ ಇ ಈ ಬರೀರಿ. ಪೂರ್ತಿ ಅಕ್ಷರಮಾಲೆ."

ಸ್ಕೂಲು ಬಿಟ್ಟ ಎಷ್ಟೋ ವರ್ಷದ ಮೇಲೆ ಗೋಡೆಗೆ ಒರಗಿ ಕೂತು ಹೆಬ್ಬೆರಳಲ್ಲಿ ಬರೆದೆ. ಊತ ಇಳಿದ ಹಾಗೆ ಅಕ್ಷರ ದುಂಡಗಾದವು. ಜೊತೆಗೆ ಟವೆಲ್ಲು, ಬಾಟಲಿ. ಬೇರೇನೂ ಮಾಡಲಾಗದ್ದರಿಂದ ಹಿಮ್ಮಡಿಗೂ ಮೊದಲ ಬಾರಿ ನಿಜವಾದ ಬಿಡುವು ಸಿಕ್ಕಿತು. ಬೆಳಗಿನ ಮೊಳೆ ಮೊಂಡಾಗುತ್ತಾ ಬಂತು. ಆಮೇಲೆ ಗೋಡೆ ಹಿಡಿದು ಒಂಟಿಗಾಲಲ್ಲಿ ನಿಲ್ಲುವ ಅಭ್ಯಾಸ, ಹರಡು ಮತ್ತೆ ಮಡಚದಿರಲು.

ಅತ್ತ ಹಾರನಹಳ್ಳಿಯ ರಾಶಿಯನ್ನು ಬಾಮೈದ ಮೊದಲ ಹಾರೆಯಲ್ಲಿ ನಿಂತು ನಡೆಸುತ್ತಿದ್ದ. ಕೆಲಸ ನಿಧಾನವಾಗಲಿ, ಯಜಮಾನರು ನನ್ನನ್ನು ನೆನೆಯಲಿ ಎಂದು ನಾನು ಕಾಯುತ್ತಿದ್ದೆ. ಕೊನೆಯ ಹಾರೆಯವನು ನೋಡಲು ಬಂದಾಗ ಕೇಳಿದೆ.

"ಹೆಂಗ್ ನಡೀತೈತೆ?"

"ಅವ್ನು ಗಳಿಗೆಗೊಂದ್ಸಲ ಕೂರಿಸ್ತಾನೆ ಮೇಸ್ತ್ರಿ."

"ಹಂಗಾದ್ರೆ ಕೆಲಸ ಕೆಟ್ಟಂಗೇ."

"ಅದೇ ಆಶ್ಚರ್ಯ. ಅಂದ್ಕೊಂಡಿದ್ದಕ್ಕಿಂತ ಮೊದಲೇ, ನಿನ್ನೆಗೇ ಮುಗೀತು. ಸಂಜೆ ಹೊತ್ತಿಗೂ ಕೈಕಾಲು ಹಗುರಾಗಿರ್ತೈತೆ ನೋಡಿ, ಮೂರನೇ ಹಾರೆಯವನು ಹಾಡು ಹೇಳ್ತಿದ್ದ."

ನನ್ನ ಕೈಕೆಳಗೆ ಅವನು ಯಾವತ್ತೂ ಹಾಡಿರಲಿಲ್ಲ. ಆ ಹಾಡು ಯಾವುದೆಂದು ಕೇಳುವ ಮನಸ್ಸಾಗಿ, ಕೇಳದೆ ನುಂಗಿಕೊಂಡೆ.

ಮುಂದಿನ ಕೆಲಸ ಹಳೇಬೀಡಿನ ಹತ್ತಿರದ ತೋಟವೊಂದರಲ್ಲಿ. ಡಾಕ್ಟರಮ್ಮ "ನಿಲ್ಲಬಹುದು, ಶೂ ಹಾಕಿ, ನಡುನಡುವೆ ಕೂತು" ಎಂದಿದ್ದರು. ಮಂಚದ ಕೆಳಗಿನ ಡಬ್ಬ ಎಳೆದೆ. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಮತ್ತೆ ಒಳಗೆ ತಳ್ಳುತ್ತಿದ್ದೆ.

ಅಂಗಳದಲ್ಲಿ ಹಾರೆಗಳನ್ನು ನೆಟ್ಟಾಗಿತ್ತು. ಮೊದಲ ಹಾರೆಯ ಮುಂದೆ ಯಾರೂ ನಿಂತಿರಲಿಲ್ಲ. ಬಾಮೈದ ಎರಡನೆಯದರ ಹತ್ತಿರ ನಿಂತು ಕಾಯುತ್ತಿದ್ದ. ಮೊದಲ ಹಾರೆ ಬಿಟ್ಟುಕೊಡುವವನು ತೋಟದವರ ಎದುರು ತನ್ನ ಬಾಯಲ್ಲೇ ಹೇಳಬೇಕು, ಇಲ್ಲದಿದ್ದರೆ ಕಿತ್ತುಕೊಂಡರು ಎಂದಾಗುತ್ತದೆ. ನಾನು ಮೊದಲ ಹಾರೆಯನ್ನು ಒಮ್ಮೆ ಮುಟ್ಟಿದೆ. ಅಲ್ಲಿ ನಿಂತರೆ ಸಂಜೆಯವರೆಗೆ ನಾನು ಕೂರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೆನ್ನ ಹಿಂದೆ ಅವನ ಸದ್ದು ಇರುವಾಗ ಕೂರುವ ಜಾತಿಯಲ್ಲ ನಾನು. ಕಾಲು ಇನ್ನೊಮ್ಮೆ ಹೋದರೆ ಯಾವ ಹಾರೆಯೂ ಇಲ್ಲ.

"ಇವತ್ತಿಂದ ಮೊದಲ ಹಾರೆ ಇವನದು ಅಣ್ಣಾ" ಎಂದೆ ತೋಟದವರಿಗೆ.

"ಬಾವ, ಬ್ಯಾಡ..."

"ನಿಂತ್ಕಳೋ ಸಾಕು. ಕಾಯಿ ಕಾಯ್ತಾ ಅವೆ."

ನಿಂತ. ಸುಲಿದ. ನಾನು ಎರಡನೆಯದರಲ್ಲಿ ಹಿಡಿದೆ. ಶೂ ಒಳಗೆ ಬೆರಳಿಗೆ ನೆಲ ಸಿಗದೆ ಮೊದಮೊದಲು ಕೈ ತಪ್ಪಿತು, ಆಮೇಲೆ ಕುದುರಿತು. ಅವನು ಸ್ವಲ್ಪ ಹೊತ್ತಿಗೆ ಕೂರಿಸಿದ, ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ.

"ಯಾಕ್ಲಾ ನಿಲ್ಲಿಸಿದೆ? ನನ್ನ ಕಾಲಿಗೋಸ್ಕರನಾ?"

"ಹೂಂ ಬಾವ, ನಿಮ್ಮ ಕಾಲಿಗೇ. ಮತ್ತೆ ಹೊತ್ಕೊಂಡು ಟೆಂಪೋ ಹತ್ತಿಸಕ್ಕೆ ನನ್ನ ಸೊಂಟದಲ್ಲಿ ಕಸುವಿಲ್ಲ."

ಎಲ್ಲರೂ ನಕ್ಕರು. ನನ್ನ ಮೈ ಉರಿಯಿತು. ಇನ್ನೊಬ್ಬರ ಕರುಣೆಯಲ್ಲಿ ಬದುಕಿದವನಲ್ಲ ನಾನು. "ನನ್ನ ಕಾಲಿನ ಉಸಾಬರಿ ನಿನಗೆ ಬ್ಯಾಡ. ನಿನ್ನ ಕೆಲಸ ನೋಡು" ಎಂದೆ, ಗಟ್ಟಿಯಾಗಿಯೇ. ಅವನ ಮುಖ ಚಿಕ್ಕದಾಯಿತು. ಎದ್ದು ಹಾರೆ ಹಿಡಿದವನು ಮತ್ತೆ ಕೂರಲಿಲ್ಲ.

ಬಿಸಿಲು ನೆತ್ತಿಗೇರಿತು. ಅವನು ಸುಲಿಯುತ್ತಲೇ ಇದ್ದ. ಹಿಮ್ಮಡಿಯಲ್ಲಿ ಮೊದಲು ಬೆಚ್ಚಗಾಯಿತು, ಆಮೇಲೆ ಹಳೆಯ ಜಾಗದಲ್ಲಿ ಸಣ್ಣಗೆ ಚುಚ್ಚಿತು. ಇನ್ನು ಸ್ವಲ್ಪ ಹೊತ್ತು ನಿಂತರೆ ಏನಾಗುತ್ತದೆ ಎಂದು ಈಗ ನನಗೆ ಚೆನ್ನಾಗಿ ಗೊತ್ತಿತ್ತು. ಅವನನ್ನು ಕರೆದು ನಿಲ್ಲಿಸು ಎನ್ನಲು ನಾಲಿಗೆ ಏಳಲಿಲ್ಲ. ಕೈಯಲ್ಲಿದ್ದ ಕಾಯನ್ನು ಪೂರ್ತಿ ಸುಲಿದು, ರಾಶಿಗೆ ಎಸೆದು, ಮಟ್ಟೆಯ ಗುಡ್ಡೆಯ ಮೇಲೆ ಕೂತೆ.

ಮೊದಲ ಹಾರೆ ನಡೆಯುತ್ತಿರುವಾಗ ಎರಡನೆಯವನು ಕೂತದ್ದು. ಮೂರನೆಯವನ ಕೈ ನಿಂತಿತು, ಕೊನೆಯವನು ಬಾಯಿ ತೆರೆದು ನೋಡಿದ. ಸದ್ದು ನಿಂತದ್ದು ಕೇಳಿ ಬಾಮೈದ ತಿರುಗಿದ. ನನ್ನನ್ನು ನೋಡಿದ, ನನ್ನ ಶೂಗಳನ್ನು ನೋಡಿದ. ಏನಾದರೂ ಅನ್ನಲಿ ಎಂದು ನಾನು ಹಲ್ಲು ಕಚ್ಚಿ ಕಾದೆ. ಅವನು ಕೈಯಲ್ಲಿದ್ದ ಅರ್ಧ ಸುಲಿದ ಕಾಯನ್ನು ಹಾಗೇ ಕೆಳಗಿಟ್ಟು, ನನಗಿಂತ ಒಂದು ಮಟ್ಟೆ ಕೆಳಗೆ ಕೂತು, ಕೊನೆಯವನಿಗೆ ಕೂಗಿದ.

"ಬಾವ ಕೂತಾಯ್ತು. ಇನ್ನು ಯಾರದಪ್ಪಾ ಕೆಲಸ? ಟೀ ಬಗ್ಗಿಸ್ರೋ."

ಕಟ್ಟಳೆ ಮುರಿದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಮೊದಲ ಲೋಟ ನನ್ನ ಕೈಗೆ ಬಂತು. ಅದನ್ನು ಕುಡಿಯುತ್ತಾ, ನನ್ನ ಮಾನವನ್ನು ಇಷ್ಟು ಸಲೀಸಾಗಿ ಕಾಪಾಡುವುದನ್ನು ಇವನು ಎಲ್ಲಿ ಕಲಿತ ಎಂದು ಯೋಚಿಸಿದೆ. ನಾನು ಮೊದಲ ಹಾರೆಯಲ್ಲಿದ್ದಷ್ಟು ವರ್ಷ ಇಂಥದ್ದೊಂದನ್ನು ಯಾರಿಗೂ ಮಾಡಿರಲಿಲ್ಲ. ಸುಲಿಯುವುದರಲ್ಲಿ ಅವನನ್ನು ಇನ್ನೂ ಹಿಡಿಯಬಹುದು, ಕಾಲು ಪೂರ್ತಿ ವಾಸಿಯಾಗಲಿ ಎಂದುಕೊಂಡೆ. ಇದರಲ್ಲಿ ಹಿಡಿಯಲಾರೆ ಅನ್ನಿಸಿ, ಟೀ ಒಳ್ಳೆಯದಿದ್ದರೂ ಹೊಟ್ಟೆಯೊಳಗೆ ಒಂದು ಸುತ್ತು ಉರಿಯಿತು.